ಹತ್ತೇ ನಿಮಿಷ ಎಂದು ಕಾರಿನಲ್ಲಿ ಬಿಟ್ಟ ನಾಯಿ

ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಮಂಗಳೂರಿನ ಕಡೆಗೆ ಹೊರಡುವ ಕಾರುಗಳಲ್ಲಿ ಅಜ್ಜಿಮನೆಗೆ ಹೋಗುವ ಮಕ್ಕಳ ಜೊತೆ ಈಗ ಮನೆಯ ನಾಯಿಯೂ ಇರುತ್ತದೆ. ಅಂಗಳದಲ್ಲಿ ಕಟ್ಟಿಹಾಕಿ, ಅನ್ನ ಹಾಕುವಂತೆ ಪಕ್ಕದ ಮನೆಯವರಿಗೆ ಹೇಳಿ ಹೊರಡುತ್ತಿದ್ದ ಕಾಲ ಹಿಂದಾಯಿತು. ಹಾಸನದ ಆಸುಪಾಸು ತಲಪುವಷ್ಟರಲ್ಲಿ ಎಲ್ಲರಿಗೂ ಹಸಿವು. ಹೋಟೆಲಿನೊಳಗೆ ನಾಯಿಗೆ ಪ್ರವೇಶವಿಲ್ಲ. ‘ಹತ್ತೇ ನಿಮಿಷ, ತಿಂಡಿ ಮುಗಿಸಿ ಬಂದುಬಿಡೋಣ’ ಎನ್ನುತ್ತಾ ಅಪ್ಪ ಕಿಟಕಿಯ ಗಾಜನ್ನು ಎರಡು ಬೆರಳಿನಷ್ಟು ಇಳಿಸಿ ಬಾಗಿಲು ಹಾಕುತ್ತಾರೆ. ದೋಸೆ ಮೇಜಿಗೆ ಬರುವುದಕ್ಕೇ ಹತ್ತು ನಿಮಿಷ ಬೇಕು. ಕಾಫಿ ಕುಡಿದು, ಬಿಲ್ಲು ಕೊಟ್ಟು ಹೊರಬರುವಾಗ ಮುಕ್ಕಾಲು ಗಂಟೆ ಕಳೆದಿರುತ್ತದೆ.

ಅಷ್ಟರಲ್ಲಿ ಕಾರಿನೊಳಗೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೈದ್ಯರೂ ಹವಾಮಾನ ತಜ್ಞರೂ ಸೇರಿ ಅಳೆದಿದ್ದಾರೆ. 2005ರಲ್ಲಿ ಪ್ರಕಟವಾದ ಆ ಅಳತೆಗಳ ಪ್ರಕಾರ ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಈ ಏರಿಕೆಯ ಶೇಕಡಾ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗುತ್ತದೆ. ಹೊರಗೆ ಹಿತವಾದ ಹವೆಯಿದ್ದ ದಿನವೂ ಇದೇ ಕಥೆ. ಗಾಜನ್ನು ಸ್ವಲ್ಪ ಇಳಿಸಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಪ್ಪನ ಎರಡು ಬೆರಳಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು.

ಕಾರಣ ಸರಳ. ಬಿಸಿಲು ಗಾಜನ್ನು ಹಾಯ್ದು ಒಳಬಂದು ಸೀಟು, ಸ್ಟಿಯರಿಂಗ್, ಡ್ಯಾಶ್‌ಬೋರ್ಡುಗಳನ್ನು ಕಾಯಿಸುತ್ತದೆ. ಅವು ಹೊರಸೂಸುವ ಅವಕೆಂಪು ಕಿರಣಗಳನ್ನು ಗಾಜು ಸುಲಭವಾಗಿ ಹೊರಬಿಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾದ ಗಾಳಿ ಮೇಲೆದ್ದು ಹೊರಹೋಗಲು ದಾರಿಯೇ ಇಲ್ಲ. ವಿದ್ಯಾರ್ಥಿಗಳು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಉಷ್ಣಮಾಪಕವಿಟ್ಟು, ಹೊರಗೆ ನಿಂತು ಐದೈದು ನಿಮಿಷಕ್ಕೊಮ್ಮೆ ಗಾಜಿನ ಮೂಲಕ ಓದಿ ಬರೆದುಕೊಳ್ಳಬಹುದು. ಉಷ್ಣಮಾಪಕ ಪ್ರಯೋಗಶಾಲೆಯದೇ ಆಗಿರಬೇಕು. ಜ್ವರ ನೋಡುವ ಪಾದರಸದ ಕಡ್ಡಿಯ ಅಳತೆ 42 ಡಿಗ್ರಿಗೇ ಮುಗಿಯುತ್ತದೆ, ಅದನ್ನಿಟ್ಟರೆ ಒಡೆದೀತು.

ಇನ್ನು ನಾಯಿಯ ಮೈ. ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ಒಂದು ಗ್ರಾಂ ಬೆವರು ಆರುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಚರ್ಮದಿಂದ ಒಯ್ಯುತ್ತದೆ. ನಾಯಿ ಹೀಗೆ ಬೆವರುವುದಿಲ್ಲ. ಪಾದದ ಮೆತ್ತೆಗಳಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೆ. ಅದು ನಾಲಿಗೆ ಚಾಚಿ ತೇಕುತ್ತದೆ. ನಾಲಿಗೆ, ಬಾಯಿ, ಉಸಿರುದಾರಿಯ ತೇವ ಆರಿದಂತೆ ರಕ್ತ ತಂಪಾಗುತ್ತದೆ. ಆದರೆ ಸುತ್ತಲಿನ ಗಾಳಿಯೇ ಕಾದಿದ್ದು, ತೇಕಿದ ಉಸಿರಿನ ಆವಿಯಿಂದ ತುಂಬಿದ್ದರೆ ತೇವ ಆರುವುದೆಲ್ಲಿಗೆ? ಮಳೆಗಾಲದಲ್ಲಿ ಒಳಗೆ ಹರವಿದ ಬಟ್ಟೆಯ ಹಾಗೆ. ನಾಯಿ ಇನ್ನಷ್ಟು ಜೋರಾಗಿ ತೇಕುತ್ತದೆ. ಆ ಶ್ರಮದಿಂದಲೇ ಇನ್ನಷ್ಟು ಶಾಖ. ಅದರ ಸಹಜ ಮೈಬಿಸಿ 38ರಿಂದ 39 ಡಿಗ್ರಿ. 41 ದಾಟಿದರೆ ಪ್ರಾಣಕ್ಕೆ ಸಂಚಕಾರ. 2003ರ ಹಚ್ ಜಾಹೀರಾತಿನ ನಂತರ ಮನೆಮನೆಗೆ ಬಂದ ಪಗ್ ಜಾತಿಯ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರುದಾರಿಯೇ ಕಿರಿದು. ಅವು ಎಲ್ಲಕ್ಕಿಂತ ಬೇಗ ಸೋಲುತ್ತವೆ.

ಮರದ ನೆರಳಿನಲ್ಲಿ ನಿಲ್ಲಿಸಿದ್ದೇವಲ್ಲ ಎನ್ನುವವರಿದ್ದಾರೆ. ಸೂರ್ಯ ನಿಂತಲ್ಲೇ ನಿಲ್ಲುವುದಿಲ್ಲ, ನೆರಳೂ ಸರಿಯುತ್ತದೆ. ಎಂಜಿನ್ ಓಡಿಸಿ ಎ.ಸಿ. ಹಾಕಿಟ್ಟು ಹೋಗುವುದನ್ನೂ ನಂಬುವಂತಿಲ್ಲ. ಎಂಜಿನ್ ನಿಂತರೆ ಬಂದು ಹೇಳಲು ನಾಯಿಗೆ ಬಾಯಿಯಿಲ್ಲ. ಮನೆಯವರಲ್ಲಿ ಒಬ್ಬರು ನಾಯಿಯ ಹಗ್ಗ ಹಿಡಿದು ಹೊರಗೆ ನೆರಳಲ್ಲಿ ನಿಲ್ಲುವುದು, ಉಳಿದವರು ತಿಂದು ಬಂದ ಮೇಲೆ ಅವರು ಹೋಗುವುದು, ಇದೊಂದೇ ಸರಿಯಾದ ದಾರಿ. ಇಲ್ಲವಾದರೆ ಪಾರ್ಸೆಲ್ ತರಿಸಿಕೊಳ್ಳಬೇಕು.

ನಾಯಿ ವಿಪರೀತ ತೇಕುತ್ತಾ, ಅಂಟಂಟಾದ ಜೊಲ್ಲು ಸುರಿಸುತ್ತಾ, ಒಸಡು ಕಡುಕೆಂಪಾಗಿ ತೂರಾಡುತ್ತಿದ್ದರೆ ಬಿಸಿಲಿನ ಹೊಡೆತವೆಂದೇ ತಿಳಿಯಬೇಕು. ಕೂಡಲೇ ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಬೇಕು. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬಾರದು, ಶಾಖ ಒಳಗೇ ಉಳಿಯುತ್ತದೆ. ಪ್ರಜ್ಞೆಯಿಲ್ಲದ ನಾಯಿಯ ಬಾಯಿಗೆ ನೀರು ಹೊಯ್ಯಬಾರದು. ನಂತರ ಹತ್ತಿರದ ಪಶು ಆಸ್ಪತ್ರೆ. ತಾಲ್ಲೂಕು ಕೇಂದ್ರದಲ್ಲಿ ಇದ್ದೇ ಇರುತ್ತದೆ. ಎದ್ದು ಬಾಲವಾಡಿಸಿತೆಂದು ಮನೆಗೆ ಕರೆದೊಯ್ಯುವಂತಿಲ್ಲ. ಮೂತ್ರಪಿಂಡಗಳಿಗೆ ಆದ ಹಾನಿ ಒಂದೆರಡು ದಿನ ಕಳೆದು ಕಾಣಿಸಿಕೊಳ್ಳುವುದುಂಟು.

ಓಡುವ ಕಾರಿನದು ಬೇರೆ ಲೆಕ್ಕ. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಾರು ಯಾವುದಕ್ಕಾದರೂ ಗುದ್ದಿ ನಿಂತರೆ ಸೀಟಿನ ಮೇಲೆ ಸುಮ್ಮನೆ ಕುಳಿತ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ ನೋಡಿ: ಅದು 10 ಮೀಟರ್ ಎತ್ತರದಿಂದ, ಅಂದರೆ ಮೂರಂತಸ್ತಿನ ಮಾಳಿಗೆಯಿಂದ ಬಿದ್ದಂತೆ. ತೊಡೆಯ ಮೇಲಿಟ್ಟುಕೊಂಡು ಎಷ್ಟು ಗಟ್ಟಿಯಾಗಿ ಹಿಡಿದರೂ ಕೈಗೆ ನಿಲ್ಲದು. ಎದೆಗೆ ತೊಡಿಸುವ ಹಾರ್ನೆಸ್ ಪಟ್ಟಿಯನ್ನು ಸೀಟ್ ಬೆಲ್ಟಿಗೆ ಸೇರಿಸಿ ಹಿಂದಿನ ಸೀಟಿನಲ್ಲಿ ಕೂರಿಸಬೇಕು. ಕೊರಳಪಟ್ಟಿಗೆ ಕಟ್ಟಿದರೆ ಕುತ್ತಿಗೆಗೇ ಪೆಟ್ಟು. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡ ರಭಸವೇ ನಾಯಿಯನ್ನು ಕೊಲ್ಲಬಲ್ಲುದು. ಕಿಟಕಿಯಿಂದ ತಲೆ ಹೊರಹಾಕಿ ಕಿವಿ ಹಾರಿಸುತ್ತಾ ಹೋಗುವ ನಾಯಿ ನೋಡಲು ಚೆಂದವೇನೋ ಹೌದು. ಹಾರಿಬಂದ ಕಲ್ಲುಚೂರು ಕಣ್ಣಿಗೆ ಬಿದ್ದರೆ ಆ ಚೆಂದ ಮುಗಿಯಿತು.

ಶಿರಾಡಿ, ಚಾರ್ಮಾಡಿಯ ತಿರುವುಗಳಲ್ಲಿ ಮಕ್ಕಳಿಗೆ ಬರುವ ವಾಂತಿ ನಾಯಿಗೂ ಬರುತ್ತದೆ, ಮರಿಗಳಿಗೆ ಹೆಚ್ಚು. ಸಮತೋಲ ನೋಡಿಕೊಳ್ಳುವ ಒಳಗಿವಿಯ ಅರ್ಧವೃತ್ತ ನಾಳಗಳು ಅದಕ್ಕೂ ಇವೆ. ಪದೇ ಪದೇ ಆಕಳಿಕೆ, ತುಟಿ ನೆಕ್ಕುವುದು, ಜೊಲ್ಲು ಮುನ್ಸೂಚನೆಗಳು. ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿಸಿ, ದಾರಿಯಲ್ಲಿ ಎರಡು ಗಂಟೆಗೊಮ್ಮೆ ಇಳಿಸಿ ನೀರು ಕುಡಿಸಿದರೆ ಬಹಳಷ್ಟು ಸರಿಹೋಗುತ್ತದೆ. ಮನೆಯ ಡಬ್ಬಿಯಲ್ಲಿರುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು. ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಪ್ರಾಣಿಗೆ ಅನಗತ್ಯ ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆ ಗೊತ್ತುಮಾಡಿದ ಗರಿಷ್ಠ ದಂಡ 50 ರೂಪಾಯಿ. ಒಂದು ಮಸಾಲೆ ದೋಸೆಯ ಬೆಲೆ!

ಬೆಕ್ಕನ್ನು ಒಯ್ಯುವವರಿಗೆ ಪೆಟ್ಟಿಗೆಯೊಂದೇ ಉಪಾಯ. ಗಾಳಿಯಾಡುವ ಪೆಟ್ಟಿಗೆಯಲ್ಲಿ ಅದು ಮಲಗುವ ಹಳೆಯ ಬಟ್ಟೆ ಹಾಸಿ, ಒಂದು ವಾರ ಮೊದಲೇ ಬಾಗಿಲು ತೆರೆದು ಮನೆಯ ಮೂಲೆಯಲ್ಲಿಟ್ಟರೆ ತಾನಾಗಿ ಹೊಕ್ಕು ಮಲಗಲು ಕಲಿಯುತ್ತದೆ. ದಾರಿಯಲ್ಲಿ ಎಷ್ಟು ಕೂಗಿದರೂ ಪೆಟ್ಟಿಗೆ ತೆರೆಯಬಾರದು. ಊರು ತಲಪಿದ ಮೇಲೂ ಒಂದು ಕೋಣೆಗೆ ಒಯ್ದು, ಕಿಟಕಿ ಬಾಗಿಲು ಹಾಕಿಕೊಂಡೇ ಅಗಳಿ ಸರಿಸಬೇಕು.