ಪ್ರಕೃತಿ ಚಿಕಿತ್ಸಾಲಯಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ: ಅರ್ಜಿದಾರರು ಹಾಗೂ ರೋಗಿಗಳು ತಿಳಿದಿರಬೇಕಾದ ಅಂಶಗಳು

ತುಮಕೂರು ನಗರದ ಸದಾಶಿವನಗರ ಮೊದಲಾದ ಬಡಾವಣೆಗಳಲ್ಲಿ ಆಯುರ್ವೇದ, ಪ್ರಕೃತಿ ಚಿಕಿತ್ಸೆ ಹಾಗೂ ಯೋಗ ಪದ್ಧತಿಯ ಖಾಸಗಿ ಚಿಕಿತ್ಸಾಲಯ ತೆರೆಯಲು ಇಚ್ಛಿಸುವವರಿಗೂ, ಗುಬ್ಬಿ ಮತ್ತು ಕುಣಿಗಲ್ ಕಡೆಯಿಂದ ಚಿಕಿತ್ಸೆಗಾಗಿ ನಗರಕ್ಕೆ ಬರುವ ರೋಗಿಗಳಿಗೂ ಉಪಯುಕ್ತವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ. ಚಿಕಿತ್ಸಾಲಯದ ದಿನನಿತ್ಯದ ಕೆಲಸಗಳಿಗೆ ಕೃತಕ ಬುದ್ಧಿಮತ್ತೆ (ಎ.ಐ.) ಆಧಾರಿತ ಸಾಧನಗಳನ್ನು ಬಳಸಲು ಅವಕಾಶವಿದೆಯೇ, ಇದ್ದಲ್ಲಿ ಎಷ್ಟರ ಮಟ್ಟಿಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕೃತಕ ಬುದ್ಧಿಮತ್ತೆ ಸಾಧನ ಎಂದರೇನು?

ಕೇಳಿದ ಪ್ರಶ್ನೆಗೆ ಬರಹದಲ್ಲಿ ಅಥವಾ ಧ್ವನಿಯಲ್ಲಿ ಉತ್ತರಿಸುವ, ಪತ್ರ ಬರೆದುಕೊಡುವ, ಒಂದು ಭಾಷೆಯಿಂದ ಮತ್ತೊಂದು ಭಾಷೆಗೆ ಅನುವಾದಿಸುವ ಗಣಕಯಂತ್ರದ ತಂತ್ರಾಂಶಗಳನ್ನು ಈ ಹೆಸರಿನಿಂದ ಕರೆಯಲಾಗುತ್ತದೆ. ಅಪಾರ ಪ್ರಮಾಣದ ಬರಹಗಳಿಂದ ಕಲಿತ ಮಾದರಿಯನ್ನು ಅನುಸರಿಸಿ ಇವು ಉತ್ತರವನ್ನು ರಚಿಸುತ್ತವೆ. ಉತ್ತರವು ಸರಿಯಿದ್ದರೂ ತಪ್ಪಿದ್ದರೂ ಭಾಷೆ ಒಂದೇ ರೀತಿ ಸರಾಗವಾಗಿರುತ್ತದೆ. ಆದುದರಿಂದ ಓದಲು ಚೆನ್ನಾಗಿದೆ ಎಂಬ ಕಾರಣಕ್ಕೆ ಅದನ್ನು ನಿಜವೆಂದು ಭಾವಿಸುವಂತಿಲ್ಲ.

ಯಾವ ಕೆಲಸಗಳಿಗೆ ಬಳಸಬಹುದು?

1. ರೋಗಿಗಳಿಗೆ ಭೇಟಿಯ ದಿನ ಮತ್ತು ವೇಳೆ ನಿಗದಿಪಡಿಸಲು, ಹಿಂದಿನ ದಿನ ನೆನಪಿನ ಸಂದೇಶ ಕಳುಹಿಸಲು.

2. ಔಷಧಿ, ತೈಲ ಮುಂತಾದವುಗಳ ದಾಸ್ತಾನು ಪುಸ್ತಕ ಹಾಗೂ ಜಮಾ-ಖರ್ಚಿನ ಲೆಕ್ಕ ಸಿದ್ಧಪಡಿಸಲು. ಆದರೆ ತೆರಿಗೆ ದರಗಳನ್ನು ಸಾಧನದ ಮಾತಿನ ಮೇಲೆ ನಮೂದಿಸಬಾರದು. ಹೆಚ್ಚಿನ ಆಯುರ್ವೇದ ಔಷಧಿಗಳ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5ಕ್ಕೆ ಇಳಿದಿದೆ. ಹಳೆಯ ಮಾಹಿತಿಯಿಂದ ಕಲಿತ ಸಾಧನವು ಹಳೆಯ ದರದಲ್ಲೇ ಬಿಲ್ ತಯಾರಿಸಿದರೆ ಹೆಚ್ಚುವರಿ ಹಣ ತೆರುವವರು ರೋಗಿಗಳೇ.

3. ವೈದ್ಯರು ಹೇಳಿ ಬರೆಯಿಸಿದ ಟಿಪ್ಪಣಿಗಳನ್ನು ಅಚ್ಚುಕಟ್ಟಾಗಿ ಜೋಡಿಸಲು, ಆಹಾರ ಪಥ್ಯದ ಸೂಚನಾ ಪತ್ರಗಳನ್ನು ಕನ್ನಡಕ್ಕೆ ಅನುವಾದಿಸಲು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಭಾಷಿಣಿ ವ್ಯವಸ್ಥೆಯಲ್ಲಿ ಕನ್ನಡಕ್ಕೂ ಅನುವಾದ ಸೌಲಭ್ಯವಿದೆ.

ಮೇಲ್ಕಂಡ ಕೆಲಸಗಳಲ್ಲಿಯೂ ಅಂತಿಮ ಪ್ರತಿಯನ್ನು ವೈದ್ಯರು ಅಥವಾ ಜವಾಬ್ದಾರಿಯುತ ಸಿಬ್ಬಂದಿ ಓದಿ ನೋಡಿದ ನಂತರವೇ ರೋಗಿಗಳಿಗೆ ನೀಡುವುದು ಸೂಕ್ತ.

ಯಾವ ಕೆಲಸಗಳಿಗೆ ಬಳಸುವಂತಿಲ್ಲ?

ರೋಗವನ್ನು ನಿರ್ಧರಿಸುವ, ಔಷಧಿ ಬರೆದುಕೊಡುವ ಹಾಗೂ ರೋಗಿಗೆ ನೇರವಾಗಿ ಸಲಹೆ ನೀಡುವ ಕೆಲಸವನ್ನು ಯಂತ್ರಕ್ಕೆ ವಹಿಸುವಂತಿಲ್ಲ. ಕೇಂದ್ರ ಆರೋಗ್ಯ ಮಂತ್ರಾಲಯವು 2020ರ ಮಾರ್ಚ್ 25ರಂದು ಹೊರಡಿಸಿದ ದೂರವೈದ್ಯಕೀಯ ಮಾರ್ಗಸೂಚಿಯು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದರಂತೆ ಕೃತಕ ಬುದ್ಧಿಮತ್ತೆಯು ನೋಂದಾಯಿತ ವೈದ್ಯರಿಗೆ ನೆರವಾಗಬಹುದೇ ಹೊರತು, ಅಂತಿಮ ಔಷಧಿ ಚೀಟಿ ಹಾಗೂ ಸಲಹೆಯನ್ನು ವೈದ್ಯರೇ ನೀಡಬೇಕು. ಸದರಿ ಮಾರ್ಗಸೂಚಿಯು ಅಲೋಪತಿ ವೈದ್ಯರನ್ನು ಉದ್ದೇಶಿಸಿದ್ದು, ಆಯುರ್ವೇದ, ಸಿದ್ಧ ಮತ್ತು ಯುನಾನಿ ವೈದ್ಯರಿಗೆ ಅದೇ ವರ್ಷ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಲಾಗಿದೆ. ಪ್ರಕೃತಿ ಚಿಕಿತ್ಸಕರೂ ಇದೇ ತತ್ವವನ್ನು ಪಾಲಿಸುವುದು ರೋಗಿಗಳ ಹಿತದೃಷ್ಟಿಯಿಂದ ಅವಶ್ಯಕ.

ಇದರ ಕಾರಣವನ್ನು ಎರಡು ಉದಾಹರಣೆಗಳಿಂದ ತಿಳಿಯಬಹುದು.

ಉಪವಾಸವು ಪ್ರಕೃತಿ ಚಿಕಿತ್ಸೆಯ ಒಂದು ಮುಖ್ಯ ಕ್ರಮ. ತೂಕ ಇಳಿಸಲು ಮೂರು ದಿನಗಳ ಉಪವಾಸದ ಪಟ್ಟಿ ಬೇಕೆಂದು ಕೇಳಿದರೆ ಸಾಧನವು ಕ್ಷಣಮಾತ್ರದಲ್ಲಿ ಬರೆದುಕೊಡುತ್ತದೆ. ಆದರೆ ಆ ರೋಗಿಯು ಮಧುಮೇಹಕ್ಕಾಗಿ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಲ್ಲಿ, ಊಟ ಬಿಟ್ಟು ಔಷಧಿ ಮುಂದುವರಿಸಿದಾಗ ರಕ್ತದ ಸಕ್ಕರೆ ಅಂಶ ಅಪಾಯಕರ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಗೊಂದಲ ಕಾಣಿಸಿಕೊಂಡು ಪ್ರಜ್ಞೆ ತಪ್ಪುವ ಸಂಭವವಿದೆ. ಯಾವ ಮಾತ್ರೆ ನಡೆಯುತ್ತಿದೆ ಎಂದು ವೈದ್ಯರು ಮೊದಲು ಕೇಳುತ್ತಾರೆ. ಸಾಧನವು ಕೇಳಿಯೇ ಕೇಳುತ್ತದೆ ಎಂಬ ಖಾತರಿಯಿಲ್ಲ.

ಎರಡನೆಯದಾಗಿ, ರಾತ್ರಿ ವೇಳೆ ಬರುವ ಸಂದೇಶಗಳಿಗೆ ತಾನಾಗಿಯೇ ಉತ್ತರಿಸುವ ವ್ಯವಸ್ಥೆ. "ಎದೆಯಲ್ಲಿ ಗ್ಯಾಸ್ ಹಿಡಿದಿದೆ, ಎಡಗೈ ಜೋಮು ಹಿಡಿದಿದೆ, ಬೆಳಿಗ್ಗೆ ಬರಲೇ?" ಎಂದು ರೋಗಿಯೊಬ್ಬರು ಬರೆದಾಗ, ಗ್ಯಾಸ್ ಎಂಬ ಪದವನ್ನಷ್ಟೇ ಹಿಡಿದು ಯಂತ್ರವು ಜೀರಿಗೆ ಕಷಾಯ ಸೂಚಿಸಿ ಬೆಳಿಗ್ಗೆ 11 ಗಂಟೆಯ ವೇಳೆ ಕೊಡಬಹುದು. ಇವು ಹೃದಯಾಘಾತದ ಲಕ್ಷಣಗಳೂ ಆಗಿರಬಹುದು. ಅಂತಹ ರೋಗಿಗೆ ಬೇಕಾದುದು 108 ಆಂಬುಲೆನ್ಸ್. ಆದುದರಿಂದ ಇಂತಹ ವ್ಯವಸ್ಥೆಯು ಭೇಟಿಯ ವೇಳೆಯನ್ನು ಮಾತ್ರ ತಿಳಿಸುವಂತಿರಬೇಕು. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞಾಹೀನತೆ ಇದ್ದಲ್ಲಿ ಕೂಡಲೇ 108ಕ್ಕೆ ಕರೆ ಮಾಡಬೇಕೆಂಬ ಸೂಚನೆಯು ಪ್ರತಿ ಉತ್ತರದ ಮೊದಲ ಸಾಲಿನಲ್ಲಿಯೇ ಇರಬೇಕು.

ಗಿಡಮೂಲಿಕೆಗಳ ಹೆಸರು ಮತ್ತು ಅನುವಾದ

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಒಂದೆಲಗದ ಸೊಪ್ಪನ್ನು ಬ್ರಾಹ್ಮಿ ಎಂದೇ ಕರೆಯುವ ರೂಢಿಯಿದೆ. ನೀರುಬ್ರಾಹ್ಮಿ ಎಂಬುದು ಬೇರೆಯೇ ಗಿಡ. ಅಮೃತಬಳ್ಳಿಯನ್ನು ಹೋಲುವ ಅದೇ ಕುಲದ ಮತ್ತೊಂದು ಬಳ್ಳಿಯೂ ಇದ್ದು, ಅದರಿಂದ ದುಷ್ಪರಿಣಾಮಗಳಾಗಬಹುದೆಂದು ಕೇಂದ್ರ ಆಯುಷ್ ಮಂತ್ರಾಲಯವು 2022ರಲ್ಲಿ ಎಚ್ಚರಿಸಿದೆ. ಕೇವಲ ಆಡುಮಾತಿನ ಹೆಸರನ್ನು ನೀಡಿದಾಗ ಸಾಧನವು ಒಂದರ ಗುಣವನ್ನು ಮತ್ತೊಂದಕ್ಕೆ ಹೇಳುವ ಸಾಧ್ಯತೆಯಿದೆ. "ಪಿತ್ತ" ಎಂಬ ಪದಕ್ಕೆ ಆಯುರ್ವೇದದಲ್ಲಿ ಒಂದು ಅರ್ಥ, ತಲೆಸುತ್ತು ಹಾಗೂ ಹುಳಿತೇಗಿನಿಂದ ಬಳಲುವವರ ಬಾಯಲ್ಲಿ ಮತ್ತೊಂದು ಅರ್ಥವಿರುವುದನ್ನೂ ಗಮನಿಸಬೇಕು. ಆದುದರಿಂದ ಅನುವಾದಿತ ಪತ್ರಗಳಲ್ಲಿ ಗಿಡದ ಹೆಸರು, ಪ್ರಮಾಣ ಮತ್ತು ಸೇವಿಸುವ ವೇಳೆ ಈ ಮೂರನ್ನೂ ವೈದ್ಯರು ಸ್ವತಃ ಪರಿಶೀಲಿಸಬೇಕು.

ರೋಗಿಗಳ ಮಾಹಿತಿಯ ಗೋಪ್ಯತೆ

ಸಾರ್ವಜನಿಕ ಸಾಧನಗಳಲ್ಲಿ ಬರೆದ ವಿಷಯವು ಚಿಕಿತ್ಸಾಲಯದ ಹೊರಗಿನ ಗಣಕಯಂತ್ರಗಳನ್ನು ತಲುಪುತ್ತದೆ. ರೋಗಿಯ ಹೆಸರು, ದೂರವಾಣಿ ಸಂಖ್ಯೆ, ಆಧಾರ್ ಸಂಖ್ಯೆ, 14 ಅಂಕಿಗಳ ಆಭಾ ಸಂಖ್ಯೆ, ಪರೀಕ್ಷಾ ವರದಿಗಳನ್ನು ಅವುಗಳಲ್ಲಿ ನಮೂದಿಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳನ್ನು 2025ರ ನವೆಂಬರ್‌ನಲ್ಲಿ ಹೊರಡಿಸಲಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ಅವಕಾಶ ಕಲ್ಪಿಸಲಾಗಿದೆ. ಮಾಹಿತಿಯನ್ನು ಯಾವ ಉದ್ದೇಶಕ್ಕೆ ಬಳಸಲಾಗುವುದು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯುವ ಪದ್ಧತಿಯನ್ನು ಚಿಕಿತ್ಸಾಲಯಗಳು ಈಗಿನಿಂದಲೇ ರೂಢಿಸಿಕೊಳ್ಳುವುದು ಒಳಿತು.

ಜಾಹೀರಾತುಗಳು

ಸಾಧನವು ಬರೆದುಕೊಡುವ ಪ್ರಚಾರ ಬರಹಗಳಲ್ಲಿ "ಮಧುಮೇಹ ಸಂಪೂರ್ಣ ಗುಣ" ಎಂಬಂತಹ ಮಾತುಗಳು ಸುಲಭವಾಗಿ ನುಸುಳುತ್ತವೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮದ ಅನುಸೂಚಿಯಲ್ಲಿ ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಬೊಜ್ಜು ಮುಂತಾದವು ಸೇರಿವೆ. ಇವುಗಳನ್ನು ಔಷಧಿಯಿಂದ ಗುಣಪಡಿಸುವುದಾಗಿ ಜಾಹೀರಾತು ನೀಡುವುದು ಅಪರಾಧ. ಬರೆದದ್ದು ಯಂತ್ರವೆಂಬ ಕಾರಣ ನೀಡಿ, ಪ್ರಕಟಿಸಿದವರು ಹೊಣೆಯಿಂದ ನುಣುಚಿಕೊಳ್ಳಲಾಗದು.

ನೋಂದಣಿ ಕುರಿತು

ತಂತ್ರಾಂಶದ ಬಳಕೆಯಿಂದ ನೋಂದಣಿಯ ಅಗತ್ಯ ತಪ್ಪುವುದಿಲ್ಲ. ಚಿಕಿತ್ಸಾಲಯವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಡಿ ನೋಂದಣಿಯಾಗಿರಬೇಕು. ಚಿಕಿತ್ಸೆ ನೀಡುವ ವೈದ್ಯರು ತಮ್ಮ ಪದ್ಧತಿಗೆ ಸಂಬಂಧಿಸಿದ ಕಾನೂನಿನಡಿ ಪ್ರತ್ಯೇಕವಾಗಿ ನೋಂದಾಯಿಸಿಕೊಂಡಿರಬೇಕು. ಅರ್ಜಿಯನ್ನು ಭರ್ತಿ ಮಾಡಲು ಸಾಧನದ ನೆರವು ಪಡೆದಲ್ಲಿ, ವಿದ್ಯಾರ್ಹತೆ, ನೋಂದಣಿ ಸಂಖ್ಯೆ ಮತ್ತು ದಿನಾಂಕಗಳನ್ನು ಮೂಲ ದಾಖಲೆಗಳೊಂದಿಗೆ ತಾಳೆ ನೋಡಿದ ನಂತರವೇ ಸಹಿ ಮಾಡುವುದು.

ರೋಗಿಗಳ ಗಮನಕ್ಕೆ

1. ಔಷಧಿ ಚೀಟಿಯಲ್ಲಿ ವೈದ್ಯರ ಹೆಸರು, ನೋಂದಣಿ ಸಂಖ್ಯೆ ಮತ್ತು ಸಹಿ ಇದೆಯೇ ಎಂದು ನೋಡಿಕೊಳ್ಳುವುದು.

2. ಮೊಬೈಲ್‌ನಲ್ಲಿ ಬಂದ ಉತ್ತರ ಯಾರು ಬರೆದದ್ದು, ವೈದ್ಯರು ನೋಡಿದ್ದಾರೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸುವುದು.

3. ಈಗಾಗಲೇ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು, ಅವು ಬೇರೆ ಪದ್ಧತಿಯವಾದರೂ, ವೈದ್ಯರಿಗೆ ತೋರಿಸುವುದು. ಸಾಧನದ ಸಲಹೆಯಂತೆ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.

ಹೆಚ್ಚಿನ ವಿವರಗಳಿಗೆ ಜಿಲ್ಲಾ ಆಯುಷ್ ಅಧಿಕಾರಿಗಳ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.