ವಿಹಾರನೌಕೆಗಳ ರಾತ್ರಿಚರ್ಯೆ

೧. ವಿಷಯನಿರ್ದೇಶ

ಸಂಸ್ಕೃತ ನಿಘಂಟುಗಳು ರಾತ್ರಿಗೆ ಹೇಳಿರುವ ಪರ್ಯಾಯನಾಮಗಳಲ್ಲಿ ತ್ರಿಯಾಮಾ, ಕ್ಷಣದಾ ಎಂಬ ಎರಡು ಶಬ್ದಗಳು ಅರ್ಥದೃಷ್ಟಿಯಿಂದ ವಿಚಾರಾರ್ಹವಾಗಿವೆ. ರಾತ್ರಿಯ ಮೊದಲಿನ ಅರ್ಧಯಾಮವನ್ನೂ ಕಡೆಯ ಅರ್ಧಯಾಮವನ್ನೂ ಜನರು ಹಗಲಿನ ವ್ಯಾಪಾರಗಳಿಗೇ ಸೇರಿಸಿಕೊಳ್ಳುವುದರಿಂದ ನಡುವಣ ಮೂರು ಯಾಮಗಳೇ ರಾತ್ರಿಯೆನಿಸುವುವೆಂದು ತ್ರಿಯಾಮಾ ಎಂಬುದಕ್ಕೆ ವ್ಯಾಖ್ಯಾನಕಾರರು ನಿರ್ವಚನ ಹೇಳುವರು. ಕ್ಷಣವೆಂದರೆ ಬಿಡುವು, ಉತ್ಸವ ಎಂದೂ ಅರ್ಥವುಂಟು. ಅವನ್ನು ಕೊಡುವುದಾದುದರಿಂದ ರಾತ್ರಿಯು ಕ್ಷಣದೆ. ಮೊದಲನೆಯ ಹೆಸರಿನಲ್ಲಿ ರಾತ್ರಿಯು ಅಳತೆಗೊಳಪಟ್ಟ ಕಾಲ. ಎರಡನೆಯದರಲ್ಲಿ ಅದು ವಿನೋದದ ಕಾಲ.

ಈ ಎರಡು ಅರ್ಥಗಳೂ ಒಂದೇ ಎಡೆಯಲ್ಲಿ ಸ್ಫುಟವಾಗಿ ಕಾಣಬರುವುದು ಸಮುದ್ರದ ಮೇಲಿನ ವಿಹಾರನೌಕೆಗಳಲ್ಲಿ. ಅಲ್ಲಿನ ಪ್ರಯಾಣಿಕನು ಮನೆಯ ಕೆಲಸವನ್ನೂ ಕಛೇರಿಯ ಹೊತ್ತನ್ನೂ ಹಿಂದೆ ಬಿಟ್ಟು ಬಂದವನು. ತನಗಿಷ್ಟವಾದಾಗ ಮಲಗಿ ಇಷ್ಟವಾದಾಗ ಏಳುವೆನೆಂದು ಭಾವಿಸುವವನು. ವಸ್ತುತಃ ಅವನ ಜಾಗರವೂ ನಿದ್ರೆಯೂ ಭೋಜನದ ಸರದಿ, ನೌಕೆಯ ಗಡಿಯಾರ, ಮರುದಿನದ ಬಂದರು ಎಂಬ ಮೂರು ಕಟ್ಟುಗಳಿಗೆ ಒಳಪಟ್ಟಿವೆ. ಅವನು ನಿಶ್ಚಿಂತನಾಗಿ ಕಣ್ಣು ಮುಚ್ಚುವುದಕ್ಕೆ ಬೇರೆ ಕೆಲವರು ಎಚ್ಚರವಾಗಿರುವುದೇ ಆಧಾರ. ಈ ಅಂಶವನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಪೂರ್ವವೃತ್ತಾಂತ

ಒಂದು ಊರಿನಿಂದ ಮತ್ತೊಂದು ಊರನ್ನು ಸೇರುವುದಕ್ಕಾಗಿ ಹತ್ತುವ ಹಡಗು ಯಾತ್ರಾನೌಕೆ. ಸಂಚಾರವೇ ಪ್ರಯೋಜನವಾಗಿ ಉಳ್ಳುದು ವಿಹಾರನೌಕೆ. ೧೮೯೧ನೆಯ ಜನವರಿಯಲ್ಲಿ ಹ್ಯಾಂಬರ್ಗ್-ಅಮೆರಿಕ ಸಂಸ್ಥೆಯ ಆಲ್ಬರ್ಟ್ ಬಾಲಿನ್ ಎಂಬವನು, ಚಳಿಗಾಲದಲ್ಲಿ ಪ್ರಯಾಣಿಕರು ಸಾಲದೆ ನಷ್ಟಪಡುತ್ತಿದ್ದ ‘ಆಗಸ್ಟಾ ವಿಕ್ಟೋರಿಯ’ ನೌಕೆಯನ್ನು ಮೆಡಿಟರೇನಿಯನ್ ಸಮುದ್ರದ ವಿಹಾರಕ್ಕೆ ಕಳುಹಿಸಿದನು. ಅದು ಫಲಿಸಿದುದರಿಂದ ವಿಹಾರಕ್ಕೆಂದೇ ‘ಪ್ರಿನ್ಸೆಸ್ಸಿನ್ ವಿಕ್ಟೋರಿಯ ಲೂಯಿಸೆ’ ಎಂಬ ನೌಕೆಯನ್ನು ಕಟ್ಟಿ ೧೯೦೦ರಲ್ಲಿ ನೀರಿಗೆ ಇಳಿಸಿದರು.

ಇಂದಿನ ವಿಹಾರನೌಕೆಯ ರಾತ್ರಿಯ ಆಚಾರಗಳಲ್ಲಿ ಅನೇಕವು ಅಟ್ಲಾಂಟಿಕ್ ಸಾಗರದ ಯಾತ್ರಾನೌಕೆಗಳಿಂದ ಬಂದುವು. ಆ ಕಾಲದಲ್ಲಿ ರಾತ್ರಿಯ ಮೇರೆಯನ್ನು ದೀಪಗಳೇ ಗೊತ್ತುಮಾಡುತ್ತಿದ್ದುವು. ೧೯೧೨ರ ಸುಮಾರಿನ ವೈಟ್ ಸ್ಟಾರ್ ಸಂಸ್ಥೆಯ ನಿಯಮದಂತೆ ಮೊದಲನೆಯ ತರಗತಿಯ ಭೋಜನಶಾಲೆಯಲ್ಲಿ ಹನ್ನೊಂದು ಗಂಟೆಗೂ, ವಿಶ್ರಾಂತಿಶಾಲೆಯಲ್ಲಿ ಹನ್ನೊಂದೂವರೆಗೂ, ಧೂಮಪಾನಶಾಲೆಯಲ್ಲಿ ಹನ್ನೆರಡಕ್ಕೂ ದೀಪಗಳನ್ನು ಆರಿಸುತ್ತಿದ್ದರು. ಧೂಮಪಾನಶಾಲೆಯು ಪುರುಷರಿಗೆ ಮಾತ್ರ ಮೀಸಲಾಗಿತ್ತು. ಆದುದರಿಂದ ನಡುರಾತ್ರಿಯ ಕಡೆಯ ಗೋಷ್ಠಿಯೂ ಅವರದೇ ಆಗಿತ್ತು. ಅಲ್ಲಿನ ಮುಖ್ಯ ವಿನೋದ ಇಸ್ಪೀಟು. ಜೂಜನ್ನೇ ಕಸುಬಾಗಿ ಮಾಡಿಕೊಂಡವರು ನೌಕೆಯಲ್ಲಿ ಇರಬಹುದೆಂದು ಸಂಸ್ಥೆಗಳು ಅಚ್ಚುಮಾಡಿಸಿ ಎಚ್ಚರಿಕೆ ಕೊಡುತ್ತಿದ್ದುದೂ ಉಂಟು.

ಅಮೆರಿಕದಲ್ಲಿ ಪಾನನಿಷೇಧವಿದ್ದ ೧೯೨೦ರಿಂದ ೧೯೩೩ರ ವರೆಗಿನ ಅವಧಿಯಲ್ಲಿ ನೌಕಾರಾತ್ರಿಯ ಸ್ವರೂಪವು ಮತ್ತಷ್ಟು ಬದಲಾಯಿತು. ವಿದೇಶೀಯ ನೌಕೆಗಳು ಯಾವ ಬಂದರನ್ನೂ ಉದ್ದೇಶಿಸದೆ ಕಡಲೆಲ್ಲೆಯನ್ನು ದಾಟಿ ಹೋಗಿ ಮರಳುತ್ತಿದ್ದುವು. ನೆಲದ ಮೇಲೆ ನಿಷಿದ್ಧವಾದುದು ನೀರಿನ ಮೇಲೆ ಲಭಿಸುತ್ತಿತ್ತು. ಇಂದಿಗೂ ನೌಕೆಯ ದ್ಯೂತಶಾಲೆಯನ್ನು ಸಾಮಾನ್ಯವಾಗಿ ಬಂದರಿನಲ್ಲಿ ಮುಚ್ಚಿದ್ದು, ನೌಕೆಯು ತೆರೆದ ಕಡಲನ್ನು ಸೇರಿದ ಮೇಲೆಯೇ ತೆರೆಯುವರು. ಹೀಗೆ ರಾತ್ರಿಯ ವಿನೋದಕ್ಕೂ ದೇಶದ ಕಾನೂನಿಗೂ ಸಂಬಂಧವಿರುವುದು.

೩. ಭೋಜನ ಮತ್ತು ಗೋಷ್ಠಿ

ವಾತ್ಸ್ಯಾಯನನು ವರ್ಣಿಸಿರುವ ನಾಗರಕನ ದಿನಚರಿಯಲ್ಲಿ ಪ್ರದೋಷಕಾಲಕ್ಕೆ ಸಂಗೀತ ವಿಹಿತವಾಗಿದೆ. ಗೋಷ್ಠಿಗಳೂ ಆಪಾನಕಗಳೂ ಅವನ ವಿನೋದಗಳಲ್ಲಿ ಸೇರಿವೆ. ವಿಹಾರನೌಕೆಯ ಸಾಯಂಕಾಲವೂ ಇದೇ ಜಾತಿಯದು. ಆದರೆ ನಾಗರಕನು ತನ್ನ ಮನೆಗೆ ತಾನೇ ಯಜಮಾನ. ಸಾವಿರಾರು ಜನರು ಒಟ್ಟಿಗಿರುವ ನೌಕೆಯಲ್ಲಿ ಸರದಿಯಿಲ್ಲದೆ ಒಂದೂ ನಡೆಯದು.

ಹಳೆಯ ಪದ್ಧತಿಯಂತೆ ಭೋಜನಕ್ಕೆ ಎರಡು ಪಂಕ್ತಿಗಳು. ಮೊದಲನೆಯದು ಸಂಜೆ ಆರರ ಸುಮಾರಿಗೆ, ಎರಡನೆಯದು ಎಂಟು ಎಂಟೂವರೆಯ ಸುಮಾರಿಗೆ ಆರಂಭವಾಗುವುದು. ಮೊದಲ ಪಂಕ್ತಿಯವರು ಉಂಡು ನಾಟಕಶಾಲೆಗೆ ಹೋಗುವಾಗ ಎರಡನೆಯವರು ಊಟಕ್ಕೆ ಕುಳಿತಿರುವರು. ಅವರಿಗಾಗಿ ಅದೇ ಪ್ರದರ್ಶನವನ್ನು ಮತ್ತೊಮ್ಮೆ ನಡೆಸುವರು. ಇದರ ಪರಿಣಾಮವಾಗಿ ಒಂದೇ ನೌಕೆಯಲ್ಲಿ ಎರಡು ಬಗೆಯ ರಾತ್ರಿಗಳು ಏರ್ಪಡುವುವು. ಮೊದಲ ಪಂಕ್ತಿಯವರಲ್ಲಿ ವೃದ್ಧರೂ ಮಕ್ಕಳೊಂದಿಗರೂ ಹೆಚ್ಚು. ಅವರು ಹತ್ತು ಗಂಟೆಯ ಹೊತ್ತಿಗೆ ಹಾಸಿಗೆಯ ಯೋಚನೆ ಮಾಡಬಹುದು. ಎರಡನೆಯ ಪಂಕ್ತಿಯವರು ಆಟ ಮುಗಿಸಿ ಹೊರಗೆ ಬರುವುದರೊಳಗೆ ಹನ್ನೊಂದಾಗಿರುವುದು. ಅನಂತರವೇ ಅವರ ನೃತ್ಯ, ಪಿಯಾನೋಶಾಲೆ, ಜೂಜು, ಡೆಕ್ಕಿನ ಮೇಲಣ ತಿರುಗಾಟ. ಒಂದೇ ಮೇಜಿಗೆ ಪ್ರತಿರಾತ್ರಿಯೂ ಕುಳಿತ ಅಪರಿಚಿತರು ನಾಲ್ಕನೆಯ ದಿನಕ್ಕೆ ಒಂದೇ ಮನೆಯವರಂತೆ ಹರಟುವುದು ಈ ಪಂಕ್ತಿಕ್ರಮದ ಫಲ. ೨೦೦೦ದಲ್ಲಿ ನಾರ್ವೀಜಿಯನ್ ಕ್ರೂಸ್ ಲೈನ್ ಸಂಸ್ಥೆಯು ಗೊತ್ತಾದ ವೇಳೆಯಿಲ್ಲದೆ ಇಷ್ಟಬಂದಾಗ ಉಣ್ಣುವ ಕ್ರಮವನ್ನು ತಂದಿತು. ಇತರರೂ ಅಂತಹ ಕ್ರಮಕ್ಕೆ ಅವಕಾಶ ಕೊಟ್ಟರು. ಸ್ವಾತಂತ್ರ್ಯ ಹೆಚ್ಚಿತು; ಮೇಜಿನ ಸ್ನೇಹಕ್ಕೆ ಅವಕಾಶ ಕಡಮೆಯಾಯಿತು.

ನಡುರಾತ್ರಿಯ ಮಹಾಭೋಜನವು ಒಂದು ಕಾಲಕ್ಕೆ ವಿಹಾರನೌಕೆಗಳ ಖ್ಯಾತಿಗೇ ಕಾರಣವಾಗಿತ್ತು. ಹಿಮಗಡ್ಡೆಯಲ್ಲಿ ಕೆತ್ತಿದ ಹಂಸ ಮೊದಲಾದ ಆಕೃತಿಗಳ ನಡುವೆ ಭಕ್ಷ್ಯಗಳನ್ನೂ ಹಣ್ಣುಗಳನ್ನೂ ಅಲಂಕರಿಸಿಡುತ್ತಿದ್ದರು. ಎರಡು ಗಂಟೆಯ ಹಿಂದೆ ತೃಪ್ತಿಯಾಗಿ ಉಂಡವರೂ ನೋಡುವ ನೆಪದಿಂದ ಬಂದು ತಿನ್ನುತ್ತಿದ್ದರು. ಈಗ ಆ ವೈಭವವು ವಿರಳವಾಗಿ, ಅದರ ಸ್ಥಾನದಲ್ಲಿ ಅಪರಾತ್ರಿಯಲ್ಲಿಯೂ ತೆರೆದಿರುವ ಚಿಕ್ಕ ಉಪಾಹಾರಶಾಲೆಗಳು ಬಂದಿವೆ.

ಯಾವ ರಾತ್ರಿ ಎಷ್ಟು ಹೊತ್ತು ಜಾಗರವೆಂಬುದನ್ನು ಮರುದಿನವು ನಿರ್ಣಯಿಸುತ್ತದೆ. ಮರುದಿನವಿಡೀ ಸಮುದ್ರದ ಮೇಲೆಯೇ ಇರುವುದಾದರೆ ಎಚ್ಚರ ದೀರ್ಘವಾಗುವುದು. ಬೆಳಗಾಗುತ್ತಲೇ ಬಂದರು ಸೇರುವುದಾದರೆ ಊರು ನೋಡಲು ಹೋಗುವವರು ಬೇಗನೆ ಮಲಗುವರು. ಕರ್ಣಾಟಕಕ್ಕೂ ಈ ಕ್ರಮದ ಸಂಪರ್ಕವುಂಟು. ಮಳೆಗಾಲ ಕಳೆದ ಮೇಲೆ ಹೊಸ ಮಂಗಳೂರು ಬಂದರಿಗೆ ಬರುವ ವಿದೇಶೀಯ ವಿಹಾರನೌಕೆಗಳು ಸಾಮಾನ್ಯವಾಗಿ ಬೆಳಿಗ್ಗೆ ಬಂದು ಸಂಜೆ ಹೊರಡುವುವು. ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿ ಪ್ರಯಾಣಿಕರು ಹಿಂದಿರುಗುವರು. ನಾಡಿನವರು ಕಾಣುವುದು ಅವರ ಹಗಲನ್ನು ಮಾತ್ರ. ಅವರ ರಾತ್ರಿಯು ಕಡಲಿನ ಪಾಲು.

೪. ಗಡಿಯಾರದ ಪ್ರಭುತ್ವ

ನೆಲದ ಮೇಲೆ ಗಡಿಯಾರವು ಒಂದೇ ಸಮನಾಗಿ ನಡೆಯುವುದು. ದೂರ ಹೋಗುವ ನೌಕೆಯಲ್ಲಿ ಅದನ್ನು ಆಗಾಗ ತಿದ್ದಬೇಕಾಗುವುದು. ಭೂಮಿಯು ಗಂಟೆಗೆ ಹದಿನೈದು ಅಂಶ ತಿರುಗುವುದರಿಂದ ಪಶ್ಚಿಮಕ್ಕೆ ಅಷ್ಟು ರೇಖಾಂಶ ಸಾಗಿದ ನೌಕೆಯಲ್ಲಿ ಸೂರ್ಯೋದಯವು ಒಂದು ಗಂಟೆ ತಡವಾಗುತ್ತದೆ. ಹಿಂದೆ ಮರುದಿನದ ಮಧ್ಯಾಹ್ನಕ್ಕೆ ನೌಕೆ ಇರತಕ್ಕ ಸ್ಥಾನವನ್ನು ಗಣಿಸಿ ರಾತ್ರಿಯಲ್ಲಿ ಕೆಲವು ನಿಮಿಷಗಳನ್ನು ಕೂಡಿಸುತ್ತಿದ್ದರು, ಇಲ್ಲವೆ ಕಳೆಯುತ್ತಿದ್ದರು. ಈಗ ಸಾಮಾನ್ಯವಾಗಿ ಪೂರ್ಣ ಗಂಟೆಯ ಲೆಕ್ಕದಲ್ಲಿ ತಿದ್ದುವರು.

೨೦೦೪ರಿಂದ ಸಂಚರಿಸುತ್ತಿರುವ ‘ಕ್ವೀನ್ ಮೇರಿ ೨’ ಇದಕ್ಕೆ ಒಳ್ಳೆಯ ನಿದರ್ಶನ. ಅದು ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗಲು ಸಾಮಾನ್ಯವಾಗಿ ಏಳು ರಾತ್ರಿಗಳನ್ನು ತೆಗೆದುಕೊಳ್ಳುವುದು. ಎರಡು ಊರುಗಳ ಕಾಲವ್ಯತ್ಯಾಸವು ಸಾಧಾರಣವಾಗಿ ಐದು ಗಂಟೆ. ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿಗಳಲ್ಲಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುವರು. ಆ ದಿನಗಳಿಗೆ ಇಪ್ಪತ್ತೈದು ಗಂಟೆ. ನರ್ತಿಸುವವರಿಗೂ ನಿದ್ರಿಸುವವರಿಗೂ ಒಂದು ಗಂಟೆ ಲಾಭ. ಪೂರ್ವಕ್ಕೆ ಬರುವಾಗ ದಿನಕ್ಕೆ ಇಪ್ಪತ್ಮೂರು ಗಂಟೆಯಾಗುವುದು. ನಷ್ಟವು ನಿದ್ರೆಯ ಮೇಲೆ ಬೀಳದಂತೆ ಗಡಿಯಾರವನ್ನು ಮಧ್ಯಾಹ್ನವೇ ಮುಂದಕ್ಕೆ ತಿರುಗಿಸುವುದು ಆ ನೌಕೆಯ ರೂಢಿ. ಆದರೂ ಪೂರ್ವಾಭಿಮುಖ ಪ್ರಯಾಣದಲ್ಲಿ ರಾತ್ರಿ ನಿದ್ರೆ ಬಾರದೆ ಬೆಳಿಗ್ಗೆ ಏಳಲಾಗದೆ ಕಷ್ಟಪಡುವವರು ಹೆಚ್ಚು. ಮನುಷ್ಯದೇಹದ ಸಹಜಕಾಲಚಕ್ರವು ಇಪ್ಪತ್ತನಾಲ್ಕು ಗಂಟೆಗಿಂತ ಕೊಂಚ ದೀರ್ಘವಾದುದರಿಂದ ದಿನವನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಕಷ್ಟ ಎಂಬುದೇ ಇದಕ್ಕೆ ಕಾರಣ.

ಪೆಸಿಫಿಕ್ ಸಾಗರದ ದಿನರೇಖೆಯನ್ನು ಪಶ್ಚಿಮಾಭಿಮುಖವಾಗಿ ದಾಟುವವರಿಗೆ ಒಂದು ತಾರೀಖೇ ಲೋಪವಾಗುವುದು. ಪೂರ್ವಾಭಿಮುಖರಿಗೆ ಒಂದೇ ತಾರೀಖು ಎರಡಾವೃತ್ತಿ ಬರುವುದು. ಕಾರಣವು ಬೇರೆಯಾದರೂ, ಪಂಚಾಂಗದ ತಿಥಿಕ್ಷಯ ತಿಥಿವೃದ್ಧಿಗಳನ್ನು ಬಲ್ಲವರಿಗೆ ಇದು ಆಶ್ಚರ್ಯವಾಗದು.

೫. ಶಯನವಿಧಾನ

ಪ್ರಯಾಣಿಕನು ಊಟಕ್ಕೆ ಹೋದಾಗ ಪರಿಚಾರಕನು ಕೋಣೆಗೆ ಬಂದು ಹೊದಿಕೆಯನ್ನು ಮಡಿಸಿ, ಪರದೆಯೆಳೆದು, ಮರುದಿನದ ಕಾರ್ಯಕ್ರಮದ ಪತ್ರವನ್ನು ಹಾಸಿಗೆಯ ಮೇಲಿಡುವುದು ಬಹುಕಾಲದ ರೂಢಿ. ಕೆಲವೆಡೆ ದಿಂಬಿನ ಮೇಲೆ ಒಂದು ಚಾಕಲೇಟನ್ನೂ, ಟವಲನ್ನು ಮಡಿಸಿ ಮಾಡಿದ ಆನೆಯನ್ನೋ ಕೋತಿಯನ್ನೋ ಇಡುವರು. ಬೆಳಗಿನ ಉಪಾಹಾರವನ್ನು ಕೋಣೆಗೇ ತರಿಸಬೇಕಾದರೆ ಬೇಕಾದ ಪದಾರ್ಥಗಳನ್ನು ಚೀಟಿಯಲ್ಲಿ ಗುರುತಿಸಿ ಬಾಗಿಲಿನ ಹಿಡಿಗೆ ತೂಗಹಾಕಿ ಮಲಗುವುದುಂಟು.

ನೌಕೆಯ ಒಳಮಗ್ಗುಲಿನ ಕೋಣೆಗಳಿಗೆ ಕಿಟಕಿಯಿಲ್ಲ. ಅಲ್ಲಿ ಸೂರ್ಯೋದಯವು ಗೋಚರಿಸದೆ ಹೊತ್ತೇರುವವರೆಗೂ ನಿದ್ರಿಸುವವರುಂಟು. ನೌಕೆಯ ಮುಂಭಾಗದ ದೃಶ್ಯವನ್ನು ತೋರುವ ದೂರದರ್ಶನವನ್ನು ಸದ್ದಿಲ್ಲದೆ ಹಚ್ಚಿಟ್ಟು ಅದನ್ನೇ ಕಿಟಕಿಯಾಗಿ ಮಾಡಿಕೊಳ್ಳುವವರೂ ಉಂಟು. ಕೆಳಗಿನ ಅಂತಸ್ತಿನ ನಡುಭಾಗದಲ್ಲಿ ತೂಗಾಟ ಕಡಮೆ. ನೃತ್ಯಶಾಲೆಯ ಕೆಳಗಿನ ಕೋಣೆಯಲ್ಲಿ ನಿದ್ರೆ ಕಡಮೆ. ಮಂದವಾದ ತೂಗಾಟವು ನಿದ್ರೆಗೆ ಅನುಕೂಲವೆಂಬ ಲೋಕಾನುಭವಕ್ಕೆ ಶಾಸ್ತ್ರಾಧಾರವೂ ದೊರೆತಿದೆ. ೨೦೧೯ರಲ್ಲಿ ಪ್ರಕಟವಾದ ಜಿನೀವದ ಒಂದು ಪರೀಕ್ಷೆಯಲ್ಲಿ ಹದಿನೆಂಟು ಜನರನ್ನು ನಾಲ್ಕು ಸೆಕೆಂಡಿಗೊಮ್ಮೆ ತೂಗುವ ಹಾಸಿಗೆಯಲ್ಲಿ ಮಲಗಿಸಿದಾಗ ಅವರಿಗೆ ಬೇಗನೆ ನಿದ್ರೆ ಹತ್ತಿ, ಗಾಢನಿದ್ರೆಯೂ ಹೆಚ್ಚಿತು. ತೊಟ್ಟಿಲನ್ನು ತೂಗುವ ತಾಯಂದಿರಿಗೆ ಇದು ಹೊಸ ಸಂಗತಿಯಲ್ಲ.

ಕೋಣೆಗಳನ್ನು ತಂಪುಮಾಡುವ ಯಂತ್ರಗಳು ಬರುವುದಕ್ಕೆ ಮುಂಚೆ ಇಂಗ್ಲೆಂಡಿನಿಂದ ಹಿಂದೂದೇಶಕ್ಕೆ ಬರುತ್ತಿದ್ದವರಿಗೆ ಕೆಂಪು ಸಮುದ್ರದ ರಾತ್ರಿಗಳು ದುಸ್ಸಹವಾಗಿದ್ದುವು. ಅನೇಕರು ಹಾಸಿಗೆಗಳನ್ನು ಡೆಕ್ಕಿಗೆ ತರಿಸಿಕೊಂಡು ಮಲಗುತ್ತಿದ್ದರು. ಸ್ತ್ರೀಯರಿಗೂ ಪುರುಷರಿಗೂ ಸ್ಥಳಗಳು ಬೇರೆಬೇರೆ. ನಸುಕಿನಲ್ಲಿ ನಾವಿಕರು ಡೆಕ್ಕನ್ನು ತೊಳೆಯಲು ಬಂದಾಗ ಎಲ್ಲರೂ ಏಳಲೇಬೇಕು. ಆ ಮಾರ್ಗದಲ್ಲಿ ಹೋಗುವಾಗ ಎಡಮಗ್ಗುಲಿನ, ಬರುವಾಗ ಬಲಮಗ್ಗುಲಿನ ತಂಪಾದ ಕೋಣೆಗಳನ್ನು ಸಿರಿವಂತರು ಹಿಡಿಯುತ್ತಿದ್ದರೆಂದೂ, ಅದನ್ನು ಸೂಚಿಸುವ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ‘ಪಾಶ್’ ಎಂಬ ಶಬ್ದ ಹುಟ್ಟಿತೆಂದೂ ಹೇಳುವುದುಂಟು. ಆದರೆ ಹಾಗೆ ಮುದ್ರೆಯೊತ್ತಿದ ಚೀಟಿಯೊಂದೂ ದೊರೆತಿಲ್ಲ. ಭಾಷಾಶಾಸ್ತ್ರಜ್ಞರು ಇದನ್ನು ಕಲ್ಪಿತ ನಿರುಕ್ತಿಯೆಂದೇ ಎಣಿಸಿದ್ದಾರೆ.

ಕಡೆಯ ರಾತ್ರಿಯ ಕ್ರಮವೇ ಬೇರೆ. ಪೆಟ್ಟಿಗೆಗಳಿಗೆ ಗುರುತಿನ ಚೀಟಿ ಕಟ್ಟಿ ಮಲಗುವ ಮುನ್ನ ಬಾಗಿಲ ಹೊರಗಿಡಬೇಕು. ರಾತ್ರಿಯೇ ಅವನ್ನು ಸಾಗಿಸುವರು. ಮರುದಿನದ ಉಡುಪನ್ನೂ ಪೆಟ್ಟಿಗೆಗೆ ಹಾಕಿ ಕಳುಹಿಸಿ, ಬೆಳಿಗ್ಗೆ ರಾತ್ರಿಯುಡುಪಿನಲ್ಲಿಯೇ ಇಳಿಯಬೇಕಾದವರ ಕಥೆಗಳು ನೌಕಾಪ್ರಯಾಣಿಕರಲ್ಲಿ ಪ್ರಚುರವಾಗಿವೆ.

೬. ಎಚ್ಚರವಾಗಿರುವವರು

ನೌಕಾಸಂಪ್ರದಾಯದಲ್ಲಿ ಪಹರೆಯು ನಾಲ್ಕು ಗಂಟೆಯದು. ಅರ್ಧಗಂಟೆಗೊಮ್ಮೆ ಒಂದೊಂದು ಪೆಟ್ಟು ಹೆಚ್ಚಾಗಿ ಎಂಟು ಪೆಟ್ಟಿಗೆ ಪಹರೆ ಮುಗಿಯುವುದು. ನಡುರಾತ್ರಿಯಿಂದ ನಾಲ್ಕರವರೆಗಿನ ಪಹರೆಯವರು ಕತ್ತಲೆಯನ್ನು ದಿಟ್ಟಿಸುತ್ತಿರುವಾಗ ಕೆಳಗೆ ರೊಟ್ಟಿ ಸುಡುವವರು, ನೆಲ ತೊಳೆಯುವವರು, ಯಂತ್ರ ನೋಡುವವರು ತಮ್ಮ ತಮ್ಮ ಕೆಲಸದಲ್ಲಿರುವರು. ಪ್ರಯಾಣಿಕರ ಕ್ಷಣದೆಯು ಇವರಿಗೆ ತ್ರಿಯಾಮೆ. ೨೦೦೬ರಲ್ಲಿ ಅಂಗೀಕೃತವಾಗಿ ೨೦೧೩ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ನೌಕಾಕಾರ್ಮಿಕ ಒಡಂಬಡಿಕೆಯು, ವಿಶ್ರಾಂತಿಯ ಲೆಕ್ಕದಿಂದ ನಿಯಮಿಸುವಲ್ಲಿ, ನಾವಿಕನಿಗೆ ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಎಪ್ಪತ್ತೇಳು ಗಂಟೆ ವಿಶ್ರಾಂತಿಗೆ ಕಡಮೆಯಿಲ್ಲದಂತೆ ವಿಧಿಸಿದೆ. ಆ ಹತ್ತು ಗಂಟೆಯನ್ನು ಎರಡಕ್ಕಿಂತ ಹೆಚ್ಚು ಭಾಗ ಮಾಡಕೂಡದು. ಒಂದು ಭಾಗವು ಆರು ಗಂಟೆಗೆ ಕಡಮೆಯಾಗಕೂಡದು. ಇಂತಹ ವಿಧಿ ಬೇಕಾಯಿತೆಂಬುದರಿಂದಲೇ ಅವರ ನಿದ್ರೆಯು ಎಷ್ಟು ಸುಲಭವಾಗಿ ಅಪಹೃತವಾಗಬಹುದೆಂಬುದು ವಿದಿತವಾಗುವುದು.

ಇದು ಕೇವಲ ದಯೆಯ ಪ್ರಶ್ನೆಯಲ್ಲ, ಪ್ರಾಣಗಳ ಪ್ರಶ್ನೆ. ೧೯೧೨ನೆಯ ಏಪ್ರಿಲ್ ೧೪ರ ರಾತ್ರಿ ೧೧-೪೦ಕ್ಕೆ ‘ಟೈಟಾನಿಕ್’ ಹಿಮಗಡ್ಡೆಗೆ ತಾಗಿದಾಗ ಬಹುಮಂದಿ ಹಾಸಿಗೆಯಲ್ಲಿದ್ದರು. ಧೂಮಪಾನಶಾಲೆಯಲ್ಲಿ ಕೆಲವರು ಇಸ್ಪೀಟಾಡುತ್ತಿದ್ದರು. ಸುಮಾರು ಸಾವಿರದ ಐನೂರು ಮಂದಿ ಮೃತರಾದರು. ೧೯೯೪ನೆಯ ಸೆಪ್ಟೆಂಬರ್ ೨೮ರಂದು ಟ್ಯಾಲಿನ್ನಿನಿಂದ ಸ್ಟಾಕ್‌ಹೋಮಿಗೆ ಹೋಗುತ್ತಿದ್ದ ‘ಎಸ್ಟೋನಿಯ’ ನೌಕೆಯು ರಾತ್ರಿ ಎರಡು ಗಂಟೆಗೆ ಮೊದಲೇ ಮುಳುಗಿತು. ೮೫೨ ಮಂದಿ ಸತ್ತು ೧೩೭ ಮಂದಿ ಉಳಿದರು. ಓರೆಯಾದ ನೌಕೆಯ ಕೆಳಗಿನ ಕೋಣೆಗಳಲ್ಲಿ ಮಲಗಿದ್ದವರಿಗೆ ಮೇಲಕ್ಕೆ ಬರಲು ವೇಳೆಯೇ ಸಿಕ್ಕಲಿಲ್ಲ. ೨೦೧೨ನೆಯ ಜನವರಿ ೧೩ರ ರಾತ್ರಿ ಇಟಲಿಯ ಜಿಲ್ಯೋ ದ್ವೀಪದ ಬಳಿ ‘ಕೋಸ್ಟ ಕನ್ಕಾರ್ಡಿಯ’ ಬಂಡೆಗೆ ತಾಗಿದಾಗ ಅನೇಕರು ಊಟಕ್ಕೆ ಕುಳಿತಿದ್ದರು. ಆ ಸಂಜೆಯೇ ಹತ್ತಿದ ನೂರಾರು ಮಂದಿಗೆ ಆಪತ್ಕಾಲದ ಅಭ್ಯಾಸವೇ ನಡೆದಿರಲಿಲ್ಲ. ೩೨ ಮಂದಿ ಮಡಿದರು. ಹತ್ತಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಅಭ್ಯಾಸ ಮಾಡಿಸಿದರೆ ಸಾಕೆಂಬುದು ಅಂದಿನ ನಿಯಮ. ೨೦೧೫ರಿಂದ ಜಾರಿಗೆ ಬಂದ ತಿದ್ದುಪಡಿಯು ನೌಕೆ ಹೊರಡುವ ಮೊದಲು, ಇಲ್ಲವೆ ಹೊರಟ ಕೂಡಲೇ, ಅದನ್ನು ಕಡ್ಡಾಯಮಾಡಿದೆ. ಮೊದಲ ರಾತ್ರಿಯ ನಿದ್ರೆಗೆ ಮುನ್ನ ತನ್ನ ರಕ್ಷಣಸ್ಥಾನವನ್ನು ತಿಳಿದಿರಬೇಕೆಂಬುದು ಇದರ ತಾತ್ಪರ್ಯ.

೭. ಉಪಸಂಹಾರ

ಕನ್ನಡದಲ್ಲಿ ಸಮುದ್ರಯಾನದ ಅನುಭವವು ಕಾವ್ಯವಸ್ತುವಾದುದಕ್ಕೆ ವಿನಾಯಕ ಕೃಷ್ಣ ಗೋಕಾಕರ ‘ಸಮುದ್ರಗೀತಗಳು’ ಪ್ರಸಿದ್ಧ ನಿದರ್ಶನ. ಇಂತಹ ಕೃತಿಗಳನ್ನೂ ಪಾಶ್ಚಾತ್ಯರ ನೌಕಾಪ್ರವಾಸಕಥನಗಳನ್ನೂ ಪಾಠಹೇಳುವ ಅಧ್ಯಾಪಕರು ನೌಕೆಯ ರಾತ್ರಿಯನ್ನು ಕೇವಲ ನಕ್ಷತ್ರಗಳ ಮತ್ತು ಅಲೆಗಳ ವರ್ಣನಾಸ್ಥಾನವೆಂದು ಬಗೆಯದೆ, ಒಂದು ಸಮಾಜದ ಕಟ್ಟಳೆಯೆಂದೂ ವಿವರಿಸುವುದು ಯುಕ್ತ. ಪಂಕ್ತಿಭೋಜನ, ಗಡಿಯಾರದ ತಿದ್ದುಪಡಿ, ಪಹರೆಯ ಗಂಟೆ ಇವುಗಳ ಪರಿಚಯವಿದ್ದರೆ, ಒಂದು ಪಾತ್ರವು ನಡುರಾತ್ರಿ ಏಕೆ ಎಚ್ಚರವಾಗಿದೆ, ಯಾರು ಅದನ್ನು ನೋಡುತ್ತಿರಬಹುದು, ಅದಕ್ಕೆ ಎಷ್ಟು ವೇಳೆ ಉಳಿದಿದೆ ಎಂಬ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ತಾವೇ ಉತ್ತರ ಕಂಡುಕೊಳ್ಳಬಲ್ಲರು.