ನಮ್ಮ ಬೀದಿಗೆ ಮತ್ತೆ ಜನ ಬಂದರು

ರಾತ್ರಿ ಎಂಟರ ಹೊತ್ತಿಗೆ ಮಗಳ ಫೋನ್ ಬರುತ್ತದೆ. “ಅಮ್ಮಾ, ಮೆಟ್ರೊ ಇಳಿದೆ. ನಡ್ಕೊಂಡು ಬರ್ತಿದ್ದೀನಿ.” ನೇರಳೆ ಮಾರ್ಗದ ಕೊನೆಯ ನಿಲ್ದಾಣ ನಮ್ಮದು, ವೈಟ್‌ಫೀಲ್ಡ್ ಕಾಡುಗೋಡಿ. ಅಲ್ಲಿಂದ ಮನೆಗೆ ಹತ್ತು ನಿಮಿಷದ ದಾರಿ. ನಾನು “ಸರಿ ಕಣೇ, ಬಾ” ಎಂದು ಸಾರು ಬಿಸಿಗಿಡುತ್ತೇನೆ.

ಇದರಲ್ಲಿ ಹೇಳುವಂಥದ್ದೇನಿದೆ ಎನ್ನುತ್ತೀರಾ? ಏಳು ವರ್ಷದ ಹಿಂದೆ, ಅವಳು ಆರನೇ ಕ್ಲಾಸಿನಲ್ಲಿದ್ದಾಗ, ಕತ್ತಲಾದ ಮೇಲೆ ಅವಳನ್ನು ಎದುರುಮನೆಗೂ ಕಳಿಸುತ್ತಿರಲಿಲ್ಲ. ಬೀದಿ ಅದೇ, ಮನೆಗಳೂ ಅವೇ. ನಡುವೆ ಏನಾಯಿತು ಎಂಬುದನ್ನು ನಿಮಗೆ ಹೇಳಬೇಕು. ದೊಡ್ಡ ಊರೊಂದು ಹೇಗೆ ಕೆಡುತ್ತದೆ, ಹೇಗೆ ಸುಧಾರಿಸಿಕೊಳ್ಳುತ್ತದೆ ಎಂಬುದನ್ನು ನಾನು ಕಲಿತದ್ದು ನಮ್ಮ ಮನೆಯ ಕಾಂಪೌಂಡಿನ ಆಚೆಗೆ.

ಒಂದು ಕವರಿನಿಂದ ಶುರುವಾಯಿತು

ನಾನು ಮದುವೆಯಾಗಿ ಕೋಲಾರದ ಕಡೆಯಿಂದ ಕಾಡುಗೋಡಿಗೆ ಬಂದದ್ದು 2004ರಲ್ಲಿ. ಆಗ ಇದು ಅರ್ಧ ಹಳ್ಳಿ, ಅರ್ಧ ಪೇಟೆ. ಪಕ್ಕದ ವೈಟ್‌ಫೀಲ್ಡ್ 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಕೊಟ್ಟ ಜಮೀನಿನಲ್ಲಿ ಹುಟ್ಟಿದ ಪುಟ್ಟ ಊರು. 1990ರ ದಶಕದಲ್ಲಿ ಐಟಿಪಿಎಲ್ ಬಂತು, ಅದರ ಹಿಂದೆ ಕಂಪನಿಗಳು ಬಂದವು, ಕಂಪನಿಗಳ ಹಿಂದೆ ಜನ ಬಂದರು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಆಯಿತು. ನಾವೂ ಬೆಂಗಳೂರಿನವರಾದೆವು. ಆದರೆ ಚರಂಡಿ, ದೀಪ, ಫುಟ್‌ಪಾತುಗಳು ಜನ ಬಂದಷ್ಟು ಬೇಗ ಬರಲಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಖಾಲಿ ಸೈಟು. ಮಾಲೀಕರು ಬೇರೆಲ್ಲೋ ಇದ್ದರು. ಒಂದು ದಿನ ಯಾರೋ ಅಲ್ಲಿಗೆ ಕಸದ ಕವರ್ ಎಸೆದರು. ಮರುದಿನ ನಾಲ್ಕಾಯಿತು. ತಿಂಗಳೊಳಗೆ ಎಳನೀರ ಬುರುಡೆ, ಹಳೇ ಹಾಸಿಗೆ, ಮನೆ ಕೆಡವಿದ ಇಟ್ಟಿಗೆ ಚೂರು, ನಾಯಿಗಳ ಹಿಂಡು. ಅಷ್ಟರಲ್ಲಿ ಅಲ್ಲಿದ್ದ ಬೀದಿದೀಪ ಕೆಟ್ಟಿತು. ದೂರು ಕೊಟ್ಟೆವು, ದೂರಿನ ಸಂಖ್ಯೆ ಬಂತು, ದೀಪ ಬರಲಿಲ್ಲ. ಕತ್ತಲಲ್ಲಿ ಕುಡಿಯುವವರು ಬಂದು ಕೂರತೊಡಗಿದರು.

2018ರ ಒಂದು ಸಂಜೆ ಏಳೂವರೆಗೆ, ಮೂರನೇ ಮನೆಯ ಆಂಟಿ ದೇವಸ್ಥಾನದಿಂದ ಬರುತ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಅವರ ಮಾಂಗಲ್ಯದ ಸರ ಕಿತ್ತುಕೊಂಡು ಹೋದರು. ಆಂಟಿ ಬಿದ್ದು ಮೊಣಕೈ ಮುರಿಯಿತು.

ಅವರು ಕೂಗಿದ್ದು ನನಗೆ ಕೇಳಿಸಿತ್ತು. ಯಾರದೋ ಜಗಳ ಇರಬೇಕು ಅಂದುಕೊಂಡೆ. ಬಾಗಿಲ ಚಿಲಕ ಸರಿಯಾಗಿದೆಯಾ ಎಂದು ನೋಡಿ ಒಳಗೆ ಹೋದೆ. ಈ ಮಾತನ್ನು ಇಷ್ಟು ವರ್ಷ ಮನೆಯವರ ಹತ್ತಿರವೂ ಹೇಳಿರಲಿಲ್ಲ.

ಆ ವಾರದಿಂದ ನಮ್ಮ ಬೀದಿ ಸಂಜೆ ಆರೂವರೆಗೆ ಮುಗಿದುಹೋಗುತ್ತಿತ್ತು. ಹೂವಿನ ಅಕ್ಕ ಬುಟ್ಟಿ ಎತ್ತಿಕೊಂಡು ಮುಖ್ಯರಸ್ತೆಗೆ ಹೋದಳು. ಜಗುಲಿಯ ಮೇಲೆ ಕೂರುತ್ತಿದ್ದ ಅಜ್ಜಿಯರು ಟಿವಿ ಮುಂದೆ ಕೂತರು. ಮಕ್ಕಳ ಶಟಲ್ ಬ್ಯಾಟು ಅಟ್ಟ ಸೇರಿತು. ನನ್ನ ಮಗಳ ಟ್ಯೂಷನ್ ಬಿಡಿಸಿದೆ. ಕಳ್ಳ ತೆಗೆದುಕೊಂಡು ಹೋದದ್ದು ಒಂದು ಸರ. ಬೀದಿಯನ್ನು ಬಿಟ್ಟುಕೊಟ್ಟವರು ನಾವು. ಜನ ಹೆದರಿ ಒಳಗೆ ಹೋದಷ್ಟೂ ಬೀದಿ ಖಾಲಿಯಾಗುತ್ತದೆ, ಬೀದಿ ಖಾಲಿಯಾದಷ್ಟೂ ಕಳ್ಳನಿಗೆ ಸಲೀಸು.

ಟೆರೇಸಿನ ಮೀಟಿಂಗು

ಎರಡು ವಾರದ ಮೇಲೆ ನಮ್ಮ ಟೆರೇಸಿನಲ್ಲಿ ಹದಿನೈದು ಮನೆಯವರು ಸೇರಿದೆವು. ಗೇಟು ಹಾಕಿಸೋಣ, ಕ್ಯಾಮೆರಾ ಹಾಕಿಸೋಣ ಎಂದರು. ಆಮೇಲೆ ಮಾತು ಬೇರೆ ಕಡೆ ಹೊರಳಿತು. “ಹಿಂದಿನ ಗಲ್ಲಿಯ ತಗಡಿನ ಶೆಡ್ಡಿನವರದ್ದೇ ಕೆಲಸ. ಎಲ್ಲಿಂದಲೋ ಬಂದವರು.” “ತಿರುವಿನಲ್ಲಿರೋ ಇಸ್ತ್ರಿ ಗಾಡಿಯನ್ನೂ ಎತ್ತಿಸಬೇಕು. ಯಾರ್ಯಾರೋ ಬಂದು ನಿಲ್ತಾರೆ.” ತಲೆಯಾಡಿಸಿದವರಲ್ಲಿ ನಾನೂ ಒಬ್ಬಳು.

ಕೈಗೆ ಪಟ್ಟಿ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದ ಆಂಟಿ ಆಗ ಬಾಯಿ ತೆರೆದರು.

“ನನ್ನನ್ನ ಎತ್ತಿ ಕೂರಿಸಿ ನೀರು ಕೊಟ್ಟಿದ್ದು ಆ ಶೆಡ್ಡಿನ ಹುಡುಗ. ಆಟೊ ಹಿಡಿದು ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದು ಇಸ್ತ್ರಿಯವನ ಹೆಂಡ್ತಿ. ನೀವೆಲ್ಲ ನನ್ನ ಮಕ್ಕಳಿದ್ದ ಹಾಗೆ, ಬೇಜಾರು ಮಾಡ್ಕೋಬೇಡಿ. ಅವತ್ತು ಒಂದು ಬಾಗಿಲೂ ತೆಗೀಲಿಲ್ಲ.”

ಯಾರೂ ಮಾತಾಡಲಿಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ.

ಬೇರೆ ಊರುಗಳು ಏನು ಮಾಡಿದವು?

ಆಮೇಲೆ ನಾನು ಈ ವಿಷಯ ಓದತೊಡಗಿದೆ. ಜೇನ್ ಜೇಕಬ್ಸ್ ಎಂಬ ಹೆಣ್ಣುಮಗಳು 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಒಂದು ಪುಸ್ತಕ ಬರೆದರು. ಬೀದಿಯನ್ನು ಕಾಯುವುದು ಪೊಲೀಸರು ಮಾತ್ರವಲ್ಲ. ಅಂಗಡಿಯವರು, ಕಿಟಕಿಯಲ್ಲಿ ನಿಂತವರು, ನಡೆದು ಹೋಗುವವರು, ಇವರೆಲ್ಲರ ಕಣ್ಣು ಅದನ್ನು ಕಾಯುತ್ತದೆ ಎನ್ನುವುದು ಅವರ ಮಾತಿನ ತಿರುಳು. ಅಂದರೆ ನಮ್ಮ ಬೀದಿಯಲ್ಲಿ ಕತ್ತಲಾದ ಮೇಲೂ ಉಳಿದಿದ್ದ ಕಣ್ಣು ಇಸ್ತ್ರಿ ಅಣ್ಣನದ್ದು. ನಾವು ಎತ್ತಿಸಲು ಹೊರಟಿದ್ದು ಅವನನ್ನೇ!

ನ್ಯೂಯಾರ್ಕ್ ನಗರದಲ್ಲಿ 1990ರ ಒಂದೇ ವರ್ಷ 2,200ಕ್ಕೂ ಹೆಚ್ಚು ಕೊಲೆಗಳಾಗಿದ್ದವು. 2017ರಲ್ಲಿ ಆ ಸಂಖ್ಯೆ 300ಕ್ಕಿಂತ ಕೆಳಗಿಳಿದಿತ್ತು. ಅಲ್ಲಿನ ಸುರಂಗ ರೈಲಿನ ಬೋಗಿಗಳ ಮೇಲೆಲ್ಲ ಗೀಚುಬರಹವಿರುತ್ತಿತ್ತು. 1984ರಿಂದ ಐದು ವರ್ಷ ಪಟ್ಟು ಹಿಡಿದು ಒಂದೊಂದೇ ಸಾಲಿನ ರೈಲುಗಳನ್ನು ಶುಚಿ ಮಾಡಿದರು. ಶುಚಿಯಾದ ಬೋಗಿಯ ಮೇಲೆ ಯಾರಾದರೂ ಮತ್ತೆ ಗೀಚಿದರೆ, ಒರೆಸದೆ ಅದನ್ನು ಹಳಿಗೆ ಬಿಡುತ್ತಿರಲಿಲ್ಲ. ಈ ಹಟದ ಪಾಠ ನನಗೆ ಹಿಡಿಸಿತು.

ಆದರೆ ಅದೇ ನಗರದಿಂದ ಇನ್ನೊಂದು ಪಾಠವೂ ಇದೆ. ಅಲ್ಲಿನ ಪೊಲೀಸರು ದಾರಿಹೋಕರನ್ನು ನಿಲ್ಲಿಸಿ ತಡಕುವುದನ್ನು ದಿನನಿತ್ಯದ ಕೆಲಸ ಮಾಡಿಕೊಂಡರು. 2011ರಲ್ಲಿ ಹಾಗೆ ತಡೆದದ್ದು 6,85,000ಕ್ಕೂ ಹೆಚ್ಚು ಬಾರಿ. ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಯುವಕರು, ಬಹುಪಾಲು ಜನ ಯಾವ ತಪ್ಪನ್ನೂ ಮಾಡದವರು. 2013ರಲ್ಲಿ ನ್ಯಾಯಾಲಯ ಅದನ್ನು ಸಂವಿಧಾನಕ್ಕೆ ವಿರುದ್ಧ ಎಂದಿತು. ತಡೆಯುವುದು ತೀರಾ ಕಡಿಮೆಯಾಯಿತು. ಅಪರಾಧ ಏರಲಿಲ್ಲ, ಮುಂದಿನ ವರ್ಷಗಳಲ್ಲೂ ಇಳಿಯುತ್ತಲೇ ಹೋಯಿತು.

ನಮಗೆ ಹೆಚ್ಚು ಹತ್ತಿರವಾದದ್ದು ಫಿಲಡೆಲ್ಫಿಯಾದ ಕಥೆ. ಅಲ್ಲಿಯೂ ನಮ್ಮಂತೆ ಖಾಲಿ ಸೈಟುಗಳ ಕಾಟ. ಸಂಶೋಧಕರು ಇಂಥ 541 ಸೈಟುಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಲವನ್ನು ಹಾಗೇ ಬಿಟ್ಟರು. ಕೆಲವು ಕಡೆ ಕಸ ತೆಗೆದು, ಹುಲ್ಲು ಬೆಳೆಸಿ, ನಾಲ್ಕು ಗಿಡ ನೆಟ್ಟು, ಗಿಡ್ಡ ಮರದ ಬೇಲಿ ಹಾಕಿದರು. ಬೇಲಿಯಲ್ಲಿ ಜನ ಒಳಗೆ ಬರಲು ಜಾಗ ಬಿಟ್ಟರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಡ ಬಡಾವಣೆಗಳಲ್ಲಿ ಹಾಗೆ ಸರಿಪಡಿಸಿದ ಸೈಟುಗಳ ಸುತ್ತ ಬಂದೂಕಿನ ಅಪರಾಧ 29 ಶೇಕಡಾ ಇಳಿದಿತ್ತು. ಯಾರನ್ನೂ ಒಕ್ಕಲೆಬ್ಬಿಸಿರಲಿಲ್ಲ.

ಭಾನುವಾರದ ಗುದ್ದಲಿ

ನಮ್ಮ ಬೆಂಗಳೂರಿನಲ್ಲೂ ದಾರಿ ತೋರಿಸಿದವರಿದ್ದರು. ಹೆಸರು ಹೇಳಿಕೊಳ್ಳದೆ, ಮಾತಾಡದೆ, ಕಸದ ಮೂಲೆಗಳನ್ನು ಶುಚಿ ಮಾಡಿ ಬಣ್ಣ ಬಳಿಯುತ್ತಿದ್ದ ‘ದಿ ಅಗ್ಲಿ ಇಂಡಿಯನ್’ ಗುಂಪು ನಗರಕ್ಕೆಲ್ಲ ಗೊತ್ತಿತ್ತು. 2013ರಲ್ಲಿ ಶುರುವಾದ ‘ವೈಟ್‌ಫೀಲ್ಡ್ ರೈಸಿಂಗ್’ ನಮ್ಮ ಪಕ್ಕದಲ್ಲೇ ಇತ್ತು. ನಾವು ಅವರಿಂದ ನೋಡಿ ಕಲಿತೆವು.

ಸೈಟಿನ ಮಾಲೀಕರ ಫೋನ್ ನಂಬರ್ ಹುಡುಕಿ ಒಪ್ಪಿಗೆ ಪಡೆದೆವು. ಒಂದು ಭಾನುವಾರ ಬೆಳಿಗ್ಗೆ ಗುದ್ದಲಿ, ಬಾಂಡ್ಲಿ ಹಿಡಿದು ಇಳಿದೆವು. ಶೆಡ್ಡಿನ ಹುಡುಗರೂ ಬಂದರು. ನಮ್ಮಲ್ಲಿ ಅರ್ಧ ಜನಕ್ಕೆ ಗುದ್ದಲಿ ಹಿಡಿಯಲು ಬರುತ್ತಿರಲಿಲ್ಲ, ಅವರೇ ಹೇಳಿಕೊಟ್ಟರು. ಎರಡು ಟ್ರ್ಯಾಕ್ಟರ್ ಕಸ ಹೋಯಿತು. ಗೋಡೆಗೆ ಬಣ್ಣ ಬಳಿದೆವು. ಎರಡು ಹೊಂಗೆ ಸಸಿ, ಒಂದು ಸಾಲು ದಾಸವಾಳ ನೆಟ್ಟೆವು. ಬೀದಿದೀಪ ಬರುವವರೆಗೆ ಎರಡು ಮನೆಯವರು ತಮ್ಮ ಕಾಂಪೌಂಡಿಗೆ ಬಲ್ಬ್ ಹಾಕಿದರು. ಇಸ್ತ್ರಿ ಗಾಡಿಯನ್ನು ಆ ಬೆಳಕಿನ ಕೆಳಗೆ ನಿಲ್ಲಿಸಲು ಹೇಳಿದೆವು. “ಎತ್ತಿಸ್ತೀರಾ ಅಂತ ಕೇಳಿದ್ದೆ ಮೇಡಂ” ಎಂದ ಇಸ್ತ್ರಿ ಅಣ್ಣ, ನಗುತ್ತಾ. ನನಗೆ ನಗು ಬರಲಿಲ್ಲ.

ಮೂರನೇ ದಿನ ಬೆಳಿಗ್ಗೆ ದಾಸವಾಳದ ಬುಡದಲ್ಲಿ ಆರು ಕಸದ ಕವರ್!

ಮಗಳು ರಂಗೋಲಿ ಡಬ್ಬಿ ತೆಗೆದುಕೊಂಡು ಓಡಿದಳು. ಕವರ್ ತೆಗೆದು ಆ ಜಾಗದಲ್ಲಿ ರಂಗೋಲಿ ಹಾಕಿದಳು. ದಿನಾ ಹಾಕಿದರು ಮಕ್ಕಳೆಲ್ಲ ಸೇರಿ, ಸರದಿ ಪ್ರಕಾರ. ನ್ಯೂಯಾರ್ಕಿನವರ ರೈಲಿನ ಹಟ ನಮ್ಮಲ್ಲಿ ರಂಗೋಲಿಯಾಯಿತು. ರಂಗೋಲಿ ತುಳಿದು ಕಸ ಹಾಕಲು ಯಾರಿಗಾದರೂ ಮನಸ್ಸು ಅಳುಕುತ್ತದೆ. ಒಂದೂವರೆ ತಿಂಗಳಲ್ಲಿ ಕವರ್ ಬೀಳುವುದು ನಿಂತಿತು.

ಕಸ ಎಲ್ಲಿಗೆ ಹೋಯಿತು?

ಗೆದ್ದೆವು ಅಂದುಕೊಂಡೆವು. ಒಂದು ದಿನ ಮಗಳು ಸ್ಕೂಲಿನಿಂದ ಬಂದವಳೇ ಬ್ಯಾಗು ಎಸೆದು ಕೇಳಿದಳು: “ಅಮ್ಮಾ, ನಮ್ಮ ಕಸ ಈಗ ಅವರ ಮನೆ ಮುಂದೆ ಬೀಳ್ತಿದೆ. ಅದು ಕ್ಲೀನ್ ಮಾಡಿದ ಹಾಗಾ?”

ಹೋಗಿ ನೋಡಿದೆ. ತಗಡಿನ ಶೆಡ್ಡುಗಳ ಗಲ್ಲಿಯಲ್ಲಿ ನಮ್ಮ ಹಳೇ ತಿರುವಿನಷ್ಟೇ ಎತ್ತರದ ರಾಶಿ. ಅದರ ಪಕ್ಕದಲ್ಲೇ ಒಂದು ಮಗು ತಟ್ಟೆಯಲ್ಲಿ ಅನ್ನ ತಿನ್ನುತ್ತಿತ್ತು.

ಊರಿಗೆ ಊರೇ ಹೀಗೆ ಮಾಡಿದೆಯಲ್ಲ ಎಂದು ಆಗ ನೆನಪಾಯಿತು. ಬೆಂಗಳೂರು ತನ್ನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರುಗಳ ಮೇಲೆ ಸುರಿಯಿತು. ಮಂಡೂರು ನಮ್ಮ ಪೂರ್ವ ತಾಲ್ಲೂಕಿನದೇ ಹಳ್ಳಿ. ಅಲ್ಲಿನ ಜನ ರಸ್ತೆಗಿಳಿದು ಲಾರಿ ತಡೆದರು. 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಮನೆಮನೆಗೂ ಎರಡು ಬುಟ್ಟಿ, ಒಂದು ಚೀಲ ಎಂಬ ಕ್ರಮ ತಂದಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಬಳಸಿ ಬಿಸಾಡುವ ಡಯಾಪರಿನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಬೇರೆ ಮಾಡಿದರೆ ಹಸಿ ಕಸ ಗೊಬ್ಬರವಾಗುತ್ತದೆ, ಒಣ ಕಸ ಆಯುವವರ ಕೈಗೆ ದುಡ್ಡಾಗುತ್ತದೆ.

ಕವರ್ ಎಸೆಯುತ್ತಿದ್ದವರು ಯಾರೆಂದು ಮಕ್ಕಳೇ ಎರಡು ಬೆಳಿಗ್ಗೆ ಕಾದು ನೋಡಿದರು. ಪುಸ್ತಕದಲ್ಲಿ ಬರೆದೂ ಇಟ್ಟರು. ಒಂದು, ಆರು ಗಂಟೆಗೇ ಕೆಲಸಕ್ಕೆ ಹೊರಡುವವರು. ಕಸದ ಆಟೊ ಬರುವುದು ಎಂಟಕ್ಕೆ. ಎರಡು, ಶೆಡ್ಡಿನವರು, ಅವರ ಗಲ್ಲಿಗೆ ಆಟೊ ಹೋಗುತ್ತಲೇ ಇರಲಿಲ್ಲ. ಎಸೆಯುವವರು ಕೆಟ್ಟವರೇನೂ ಆಗಿರಲಿಲ್ಲ, ಅವರಿಗೆ ಹಾಕಲು ಜಾಗವಿರಲಿಲ್ಲ.

ಆ ಪುಸ್ತಕ ಹಿಡಿದುಕೊಂಡು ಕಚೇರಿಗೆ ಎರಡು ತಿಂಗಳು ಅಲೆದೆವು. ಕೊನೆಗೆ ಆಟೊ ಹಿಂದಿನ ಗಲ್ಲಿಗೂ ತಿರುಗಿತು. ಬೇಗ ಹೊರಡುವವರ ಬುಟ್ಟಿಗಳನ್ನು ಇಸ್ತ್ರಿ ಗಾಡಿಯ ಪಕ್ಕ ಇಡುವುದೆಂದಾಯಿತು. ಪೌರಕಾರ್ಮಿಕ ಅಕ್ಕನಿಗೆ ಆ ಬುಟ್ಟಿ ಯಾರದ್ದೆಂದು ಹೆಸರು ಸಮೇತ ಗೊತ್ತು. ಬೀದಿದೀಪವೂ ಆ ವರ್ಷವೇ ಬಂತು.

ಇವತ್ತು

ಕಾಡುಗೋಡಿ ಸ್ವರ್ಗವಾಗಿಲ್ಲ. ಮಳೆ ಬಂದರೆ ನೀರು ನಿಲ್ಲುತ್ತದೆ. ಟ್ರಾಫಿಕ್ಕಂತೂ ಹೇಳುವುದೇ ಬೇಡ. ಕಳ್ಳತನ ಊರಲ್ಲಿ ಇಲ್ಲವೇ ಇಲ್ಲ ಎನ್ನಲಾರೆ. ನಮ್ಮ ರಂಗೋಲಿ ಪೊಲೀಸರ ಕೆಲಸ ಮಾಡುವುದಿಲ್ಲ. ಗಸ್ತು ಬೇಕು, ಕ್ಯಾಮೆರಾ ಬೇಕು, ಆಪತ್ತಿಗೆ 112, ಮಕ್ಕಳ ಸಹಾಯಕ್ಕೆ 1098 ನಂಬರುಗಳು ಬಾಯಿಪಾಠವಾಗಿರಬೇಕು. 2023ರ ಮಾರ್ಚ್ 25ರಂದು ಕೆ.ಆರ್. ಪುರದವರೆಗೆ ಮೆಟ್ರೊ ಬಂತು, ಅಕ್ಟೋಬರ್ 9ರಂದು ಇಡೀ ನೇರಳೆ ಮಾರ್ಗ ಜೋಡಣೆಯಾಯಿತು. ಆಮೇಲೆ ರಾತ್ರಿಯೂ ಬೀದಿಯಲ್ಲಿ ನಡೆಯುವವರು ಹೆಚ್ಚಾದರು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು; ನಮ್ಮದು ಈಗ ಬೆಂಗಳೂರು ಪೂರ್ವ. ಬೋರ್ಡು ಬದಲಾಯಿತು. ಬೆಳಿಗ್ಗೆ ಎದ್ದು ತಿರುವು ನೋಡಿಕೊಳ್ಳುವ ಕೆಲಸ ಬದಲಾಗಿಲ್ಲ.

ಹೂವಿನ ಅಕ್ಕ ವಾಪಸ್ ಬಂದಿದ್ದಾಳೆ. ಹೊಂಗೆ ಮರಗಳು ನೆರಳು ಕೊಡುವಷ್ಟಾಗಿವೆ. ಅವುಗಳ ಕೆಳಗೆ ಶೆಡ್ಡಿನ ಮಕ್ಕಳೂ ನಮ್ಮ ಮಕ್ಕಳೂ ಶಟಲ್ ಆಡುತ್ತಾರೆ.

ಹೋದ ತಿಂಗಳು ರಾತ್ರಿ ಒಂಬತ್ತರ ಸುಮಾರಿಗೆ ಬೀದಿಯಲ್ಲಿ ಯಾರೋ ಕೂಗಿದ ಸದ್ದಾಯಿತು. ಚಿಲಕದ ಮೇಲೆ ಕೈ ಇತ್ತು. ಒಂದು ಕ್ಷಣ ಆ ಹಳೇ ಸಂಜೆ ಕಣ್ಣ ಮುಂದೆ ಬಂತು. ಬಾಗಿಲು ತೆಗೆದು ಹೊರಗೆ ಓಡಿದೆ. ಆಗಲೇ ಏಳೆಂಟು ಬಾಗಿಲು ತೆರೆದಿದ್ದವು. ಇಸ್ತ್ರಿ ಅಣ್ಣ ಟಾರ್ಚ್ ಹಿಡಿದು ನಿಂತಿದ್ದ.

ಸ್ಕೂಟರಿನಿಂದ ಜಾರಿ ಬಿದ್ದ ಹುಡುಗನೊಬ್ಬ, ಮೊಣಕಾಲು ತರಚಿತ್ತಷ್ಟೆ. ಮೂರನೇ ಮನೆಯ ಆಂಟಿ ಅವನಿಗೆ ನೀರು ಕುಡಿಸುತ್ತಿದ್ದರು. ನನ್ನನ್ನು ನೋಡಿ, “ಬಂದ್ಯಾ? ಒಳಗಿಂದ ಸ್ವಲ್ಪ ಅರಿಶಿನ ತಗೊಂಡ್ ಬಾಮ್ಮಾ” ಎಂದರು.